ಹವಳಕ್ಕೊಂದು ಬಾಣಂತನ: ಮನೆಯ ಟ್ಯಾಂಕಿನಲ್ಲಿ ಸೊರಗಿದ ಹವಳದ ಆರೈಕೆ

ನಾವಿರುವುದು ಡಲ್ಲಾಸ್ ಹತ್ತಿರ. ಮೂರು ವರ್ಷದ ಹಿಂದೆ ಕನ್ನಡ ಸಂಘದ ರಾಜ್ಯೋತ್ಸವ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ. ಷೂ ಬಿಚ್ಚುವ ಮೊದಲೇ ಟ್ಯಾಂಕಿನ ಕಡೆ ಕಣ್ಣು ಹೋಯಿತು. ಗಾಜಿನ ಮುಚ್ಚಳದ ಒಳಗೆಲ್ಲ ಹಬೆ ಕಟ್ಟಿತ್ತು. ಥರ್ಮಾಮೀಟರ್ 31.4 ಡಿಗ್ರಿ ತೋರಿಸುತ್ತಿತ್ತು. ಹೀಟರಿನ ಥರ್ಮೋಸ್ಟಾಟ್ ಆನ್‌ನಲ್ಲೇ ಅಂಟಿಕೊಂಡು, ಬೆಳಿಗ್ಗೆಯಿಂದ ನೀರು ಕಾಯುತ್ತಲೇ ಇತ್ತು.

ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗ್ಯಾರೇಜಿನಲ್ಲಿ ಇಟ್ಟಿದ್ದ ನಾಲ್ಕು ಬಕೆಟ್ ತಣ್ಣನೆಯ ಉಪ್ಪುನೀರು ತಂದು ಸುರಿದೆ. ನಮ್ಮದು 75 ಗ್ಯಾಲನ್ ಟ್ಯಾಂಕ್, ಅಂದರೆ ಸುಮಾರು 280 ಲೀಟರ್. ಅರ್ಧ ಗಂಟೆಯಲ್ಲಿ ನೀರು 26ರ ಹತ್ತಿರ ಬಂತು. ಭೇಷ್ ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ತಟ್ಟೆಯಂತೆ ಹರಡಿದ್ದ ಮಾಂಟಿಪೊರಾ ಹವಳದ ಚರ್ಮ ಎಳೆ ಎಳೆಯಾಗಿ ಕಿತ್ತು ತೇಲುತ್ತಿತ್ತು. ಅಕಾನ್ ಹವಳ ಬಿಳಿಚಿಕೊಂಡಿತ್ತು. ಐದು ತಲೆಯ ಹಸಿರು ಹ್ಯಾಮರ್ ಹವಳ ಮಾತ್ರ ಏನೂ ಆಗಿಲ್ಲ ಅನ್ನುವಂತೆ ನಿಂತಿತ್ತು. ಅದರ ಸರದಿ ನಾಲ್ಕನೇ ದಿನ ಬಂತು.

ಬಿಸಿ ಒಂದು ಪೆಟ್ಟು, ದಿಢೀರ್ ತಂಪು ಇನ್ನೊಂದು ಪೆಟ್ಟು. ಹೀಟರ್ ಪ್ಲಗ್ ಕಿತ್ತು, ಮುಚ್ಚಳ ತೆಗೆದು, ನೀರಿನ ಮೇಲೆ ಒಂದು ಟೇಬಲ್ ಫ್ಯಾನ್ ಬಿಟ್ಟಿದ್ದರೆ ಸಾಕಿತ್ತು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಅದಕ್ಕೆ ಗಾಳಿಗುಳ್ಳೆ ಬಿಡುವ ಒಂದು ಏರ್ ಸ್ಟೋನ್. ಒಂದೆರಡು ಗಂಟೆಗೆ ಒಂದು ಡಿಗ್ರಿಯಂತೆ ನಿಧಾನಕ್ಕೆ ಇಳಿಯಲಿ ಅಂತ ಬಿಡಬೇಕಿತ್ತು. ಹವಳಕ್ಕೆ ತೊಂದರೆಯಾದಾಗ ಕೆಲವು ಸಲ ಓಡಬೇಕು, ಜಾಸ್ತಿ ಸಲ ಕೈಕಟ್ಟಿ ಕೂರಬೇಕು. ಯಾವಾಗ ಯಾವುದು ಅಂತ ತಿಳಿಯದೆ ಹೋಗಿದ್ದಕ್ಕೇ ಅವತ್ತು ಅಷ್ಟು ಹಾಳಾಯಿತು. ಕೆಳಗೆ ಬರೆದಿರುವುದೆಲ್ಲ ಆಮೇಲೆ ಕಲಿತದ್ದು.

ಭಾರತದಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳ ಕೂಡ ಸೇರಿದವು. ಹುಲಿ ಇರುವ ಪಟ್ಟಿಯೇ ಅದು. ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಮುರಿದು ಬಿದ್ದ ತುಂಡು ಕಂಡಿತು, ಮನೆಗೆ ತಂದು ಉಳಿಸುತ್ತೇನೆ ಅಂತ ಹೊರಟರೆ ಅದೂ ಅಪರಾಧವೇ. ಅಂಗಡಿಯವನು "ಏನೂ ಆಗಲ್ಲ ಸಾರ್" ಅಂದರೆ ನಂಬಬೇಡಿ. ಇಲ್ಲಿ ಅಮೆರಿಕದಲ್ಲಿ ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿ ಮಾರುವ ತುಂಡುಗಳು ಸಿಗುತ್ತವೆ. ನನ್ನ ಹತ್ತಿರ ಇರುವವೆಲ್ಲ ಅಂಥವೇ.

ಹೆಜ್ಜೆ 1: ಬದುಕಿದೆಯೋ ಸತ್ತಿದೆಯೋ ನೋಡಿ

ಹವಳ ಅಂದರೆ ನಮ್ಮಲ್ಲಿ ಉಂಗುರ, ಕುಜ, ಮಂಗಳವಾರ. ಟ್ಯಾಂಕಿನ ಹವಳ ಆ ಕೆಂಪು ಕಲ್ಲಲ್ಲ, ಜೀವಂತ ಪ್ರಾಣಿ. ಸುಣ್ಣದ ಅಸ್ಥಿಪಂಜರದ ಮೇಲೆ ತೆಳುವಾದ ಮಾಂಸ, ಅದರಲ್ಲಿ ಪಾಲಿಪ್ ಅನ್ನುವ ಸಣ್ಣ ಸಣ್ಣ ಬಾಯಿಗಳು. ಆ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಬೆಳಕು ಕುಡಿದು ಸಕ್ಕರೆ ಮಾಡಿ ಯಜಮಾನನಿಗೆ ಬಾಡಿಗೆ ಕೊಡುತ್ತದೆ. ಹವಳದ ಊಟದ ಬಹುಪಾಲು ಈ ಬಾಡಿಗೆಯೇ. ಬಿಸಿ ಜಾಸ್ತಿಯಾದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಒಳಗಿನ ಬಿಳಿ ಎಲುಬು ಕಾಣುತ್ತದೆ. ಅದೇ ಬಿಳಿಚಿಕೊಳ್ಳುವುದು.

ಬಿಳಿಯಾದ ಹವಳವೆಲ್ಲ ಸತ್ತ ಹವಳವಲ್ಲ. ಹೊಸಬರು ಎಡವುವುದೇ ಇಲ್ಲಿ. ಉಳಿಯಬಹುದಾದ ಹವಳವನ್ನು ಕಸದ ಬುಟ್ಟಿಗೆ ಹಾಕಿದವರನ್ನು ನೋಡಿದ್ದೇನೆ.

ರಾತ್ರಿ ಲೈಟ್ ಆರಿ ಒಂದು ಗಂಟೆಯಾದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಬದುಕಿದ್ದರೆ ಎಲುಬಿನ ಮೇಲೆ ಹಾಲಿನ ಕೆನೆಗಿಂತ ತೆಳುವಾದ, ಗಾಜಿನಂಥ ಪೊರೆ ಮಿನುಗುತ್ತದೆ. ಪಿಪೆಟ್‌ನಿಂದ ಮೆಲ್ಲಗೆ ನೀರು ಊದಿದರೆ ಪೊರೆ ಅದುರುತ್ತದೆ, ಇಲ್ಲವೇ ಒಳಗೆ ಸೇದಿಕೊಳ್ಳುತ್ತದೆ. ಕೆಲವು ಸಲ ಆಹಾರ ಹಿಡಿಯುವ ಎಳೆಗಳೂ ಹೊರಗೆ ಬಂದಿರುತ್ತವೆ. ಸತ್ತಿದ್ದರೆ ಎಲುಬಿನ ಏಣುಗಳು ಚೂಪಾಗಿ, ಒಣಕಲಾಗಿ ಕಾಣುತ್ತವೆ. ಅನುಮಾನ ಇದ್ದರೆ ನಾಲ್ಕೈದು ದಿನ ಬಿಡಿ. ಬರಿಯ ಎಲುಬಿನ ಮೇಲೆ ಹಸಿರು ಪಾಚಿ ಕೂರಲು ಶುರುವಾಗುತ್ತದೆ. ಆರೋಗ್ಯವಾಗಿರುವ ಮಾಂಸ ಪಾಚಿಯನ್ನು ತನ್ನ ಮೇಲೆ ಕೂರಲು ಬಿಡುವುದಿಲ್ಲ. ಅರ್ಧ ಹಸಿರು, ಅರ್ಧ ಬೆಳ್ಳಗೆ ಇದ್ದರೆ ಆ ಬೆಳ್ಳಗಿರುವ ಅರ್ಧವೇ ನಿಮ್ಮ ರೋಗಿ.

ಸಮುದ್ರದಲ್ಲೂ ಕಥೆ ಇದೇ. ನಮ್ಮ ಮಂಗಳೂರಿನಿಂದ ಹಡಗು ಹೋಗುವ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳ ಹೀಗೆ ಬಿಳಿಚಿಕೊಂಡಿತ್ತು. 2023ರ ಜುಲೈಯಲ್ಲಿ ಫ್ಲೋರಿಡಾದ ಮ್ಯಾನಟೀ ಬೇ ಎಂಬಲ್ಲಿ ನೀರು 38 ಡಿಗ್ರಿ ದಾಟಿದಾಗ, ಅಲ್ಲಿಯ ವಿಜ್ಞಾನಿಗಳು ಸಮುದ್ರದ ನರ್ಸರಿಗಳಿಂದ ಹವಳವನ್ನು ಎತ್ತಿ ದಡದ ಟ್ಯಾಂಕುಗಳಿಗೆ ತಂದಿಟ್ಟರು. ಬಿಸಿ ಬೇಗ ಇಳಿದರೆ ಪಾಚಿ ವಾಪಸ್ ಬರುತ್ತದೆ. ವಾರಗಟ್ಟಲೆ ಇಳಿಯದಿದ್ದರೆ ಹವಳ ಹಸಿವಿನಿಂದಲೇ ಸಾಯುತ್ತದೆ. ನಮ್ಮ ಕೈಯಲ್ಲಿ ಇರುವುದು ಆ ಹಸಿವಿನ ದಿನಗಳನ್ನು ದಾಟಿಸುವುದು.

ಇನ್ನೊಂದು: ಬಣ್ಣ ಹೋಗಿ ಕಂದು ತಿರುಗಿದ ಹವಳ ರೋಗಿಯಲ್ಲ. ಪಾಚಿ ಜಾಸ್ತಿಯಾಗಿದೆ ಅಷ್ಟೆ. ನೋಡಲು ಚೆನ್ನಾಗಿರಲ್ಲ, ಆದರೆ ಹೊಟ್ಟೆ ತುಂಬಿರುತ್ತದೆ.

ಹೆಜ್ಜೆ 2: ಹವಳ ಮುಟ್ಟುವ ಮೊದಲು ನೀರು ಅಳೆಯಿರಿ

ನನ್ನ ಟ್ಯಾಂಕಿನಲ್ಲಿ ನಾನು ಇಟ್ಟುಕೊಳ್ಳುವ ಲೆಕ್ಕ: ತಾಪ 25ರಿಂದ 26 ಡಿಗ್ರಿ, ಉಪ್ಪು ಸಾವಿರಕ್ಕೆ 35, ಆಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8ರಿಂದ 9 ಡಿಕೆಹೆಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 420 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಅಂತ) ಆಸುಪಾಸು, ಮೆಗ್ನೀಸಿಯಂ 1300 ಚಿಲ್ಲರೆ, ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1. ಅಮೋನಿಯಾ ಮಾತ್ರ ಸೊನ್ನೆಯೇ ಇರಬೇಕು.

ಮೊದಲು ಉಪ್ಪು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರಿಯ ಆರ್‌ಓ ನೀರಿನಲ್ಲಿ ಸರಿಮಾಡಿ ಬಿಟ್ಟರೆ ಸಾಲದು. 35ರ ದ್ರಾವಣದ ಸಣ್ಣ ಬಾಟಲಿ ಸಿಗುತ್ತದೆ, ಅದರಲ್ಲಿ ನೋಡಿ. ನನ್ನದು ಎರಡು ಅಂಕ ಸುಳ್ಳು ಹೇಳುತ್ತಿತ್ತು. ಆಮೇಲೆ ಆಲ್ಕಲಿನಿಟಿ. ಇದು ಕಡಿಮೆ ಇರುವುದಕ್ಕಿಂತ ಏರುಪೇರಾಗುವುದೇ ಹವಳಕ್ಕೆ ಕಷ್ಟ. 6.5 ಬಂತು ಅಂತ ಒಂದೇ ದಿನದಲ್ಲಿ 9ಕ್ಕೆ ಏರಿಸಿದರೆ ಅಳಿದುಳಿದ ಮಾಂಸವೂ ಕಿತ್ತುಬರುತ್ತದೆ. ದಿನಕ್ಕೆ ಅರ್ಧ ಡಿಕೆಹೆಚ್, ತೀರಾ ಅಂದರೆ ಒಂದು. ಅದಕ್ಕಿಂತ ಜಾಸ್ತಿ ಬೇಡ.

ನೈಟ್ರೇಟ್ ಸೊನ್ನೆ ಇದೆ ಅಂತ ಹೆಮ್ಮೆ ಪಡುವವರಿದ್ದಾರೆ. ಸೊರಗಿದ ಹವಳಕ್ಕೆ ಅದು ಉಪವಾಸ. ಒಳಗಿನ ಪಾಚಿ ಮತ್ತೆ ಬೆಳೆಯಲು ಅದಕ್ಕೂ ಗೊಬ್ಬರ ಬೇಡ್ವಾ?

ಟ್ಯಾಂಕಿನಲ್ಲಿ ಏನಾದರೂ ಸತ್ತಿದ್ದರೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಸ್ವಲ್ಪ ಜೋರಾಗಿ ಓಡಲಿ. ದಿನಕ್ಕೆ ಹತ್ತು ಪರ್ಸೆಂಟ್ ನೀರು ಬದಲಿಸಿ. ಬದಲಿಸುವ ನೀರಿನ ತಾಪ, ಉಪ್ಪು ಎರಡೂ ಟ್ಯಾಂಕಿನದ್ದಕ್ಕೆ ಹೊಂದಬೇಕು. ನಲ್ಲಿ ನೀರು ಬೇಡವೇ ಬೇಡ, ಆರ್‌ಓ ಆದ ಮೇಲೆ ಇನ್ನೊಮ್ಮೆ ಶುದ್ಧ ಮಾಡಿದ ಆರ್‌ಓಡಿಐ ನೀರು, ಟಿಡಿಎಸ್ (ಕರಗಿದ ಲವಣ) ಸೊನ್ನೆ. ಮೀನಿನ ಔಷಧಿ ಉಳಿದಿದೆ ಅಂತ ಸುರಿಯಬೇಡಿ. ಅದರಲ್ಲಿ ತಾಮ್ರ ಇದ್ದರೆ ಹವಳದ ಕಥೆ ಮುಗಿಯಿತು.

ಹೆಜ್ಜೆ 3: ಓಡಬೇಕಾದ ಹೊತ್ತು

ಇಲ್ಲಿ ಮಾತ್ರ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹ್ಯಾಮರ್‌ನ ಒಂದು ತಲೆಯ ಮೇಲೆ ಕಂದು ಲೋಳೆ ಕಂಡಿತು. ಕೊಳೆತ ಬಾಳೆಹಣ್ಣಿನ ತಿರುಳು ನೀರಿನಲ್ಲಿ ತೂಗಾಡಿದ ಹಾಗೆ. ಇದಕ್ಕೆ ಬ್ರೌನ್ ಜೆಲ್ಲಿ ಅನ್ನುತ್ತಾರೆ. ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್ ಜಾತಿಯ ಹವಳಗಳಿಗೆ ಇದರ ಕಾಟ ಜಾಸ್ತಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಲೋಳೆಯಲ್ಲಿ ಹವಳದ ಮಾಂಸ ತಿನ್ನುವ ಏಕಕೋಶ ಜೀವಿಗಳು ಮುತ್ತಿಕೊಂಡಿರುತ್ತವೆ. ಒಂದು ತಲೆಯಿಂದ ಪಕ್ಕದ ತಲೆಗೆ ಒಂದೆರಡು ದಿನ ಸಾಕು.

ಮೊದಲು ಎಲ್ಲ ಪಂಪ್ ಆಫ್ ಮಾಡಿ. ನಾನು ಇದನ್ನು ಮರೆತು ಕೈ ಹಾಕಿದೆ. ಲೋಳೆಯ ಒಂದು ಎಳೆ ಕಿತ್ತು ಟಾರ್ಚ್ ಹವಳದ ಕಡೆ ತೇಲಿಕೊಂಡು ಹೋಯಿತು. ಪುಣ್ಯಕ್ಕೆ ಅಂಟಲಿಲ್ಲ. ಪಂಪ್ ನಿಂತ ಮೇಲೆ ತೆಳುವಾದ ಪೈಪಿನಿಂದ ಲೋಳೆಯನ್ನು ಬಕೆಟ್ಟಿಗೆ ಸೇದಿ ತೆಗೆಯಿರಿ. ಆಮೇಲೆ ನೀರಿನೊಳಗೇ ಒಂದು ಡಬ್ಬಿ ಇಳಿಸಿ, ಹವಳವನ್ನು ಅದರೊಳಗೆ ಕೂರಿಸಿ, ಡಬ್ಬಿ ಸಮೇತ ಎತ್ತಿ. ಹಾಗೆ ಮಾಡಿದರೆ ಉಳಿದ ಲೋಳೆ ಚೆಲ್ಲುವುದಿಲ್ಲ. ಹೊರಗೆ ತಂದ ಕೂಡಲೇ ನಾತ. ಮೀನು ಮಾರ್ಕೆಟ್ಟಿನ ಹಿಂದಿನ ಚರಂಡಿ ಅಂದುಕೊಳ್ಳಿ. ಹೆಂಡತಿ ಕಿಟಕಿ ತೆಗೆದಳು, ಏನೂ ಅನ್ನಲಿಲ್ಲ. ಅದೇ ದೊಡ್ಡದು.

ಟ್ಯಾಂಕಿನದೇ ನೀರು ತುಂಬಿದ ಬೋಗುಣಿಯಲ್ಲಿ ಪಿಪೆಟ್‌ನಿಂದ ಊದಿ ಊದಿ ತೊಳೆಯಿರಿ. ಲೋಳೆ ಕಂಡ ತಲೆಯನ್ನು ಕತ್ತರಿಸಿ ಎಸೆಯಿರಿ. ಆಸೆ ಬೇಡ. ನಾನು ಎರಡು ತಲೆ ಎಸೆದೆ. ಉಳಿದ ಮೂರಕ್ಕೆ ಡಿಪ್.

ಡಿಪ್ ಅಂದರೆ ಔಷಧಿ ನೀರಿನಲ್ಲಿ ಅದ್ದುವುದು. ಹವಳಕ್ಕೆಂದೇ ಮಾರುವ ಅಯೋಡಿನ್ ಡಿಪ್ ಇಂಥ ಕೊಳೆತಕ್ಕೆ ಆಗುತ್ತದೆ. ಎಷ್ಟು ಹನಿ ಅನ್ನುವುದು ಬಾಟಲಿಯಿಂದ ಬಾಟಲಿಗೆ ಬೇರೆ, ಆದ್ದರಿಂದ ಲೇಬಲ್ ಓದಿ. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ. ಟೈಮರ್ ಇಟ್ಟುಕೊಳ್ಳಿ. ನಂತರ ಬೇರೆ ಬೋಗುಣಿಯಲ್ಲಿ ಜಾಲಾಡಿಸಿ. ಡಿಪ್ ಮಾಡಿದ ನೀರು ಸಿಂಕಿಗೆ, ಟ್ಯಾಂಕಿಗಲ್ಲ.

ಬರೀ ಬಿಳಿಚಿಕೊಂಡ ಹವಳಕ್ಕೆ ಡಿಪ್ ಮಾಡಬೇಡಿ. ಅದಕ್ಕೆ ಇರುವುದು ಸೋಂಕಲ್ಲ, ಸುಸ್ತು. ಹುಳದ ಅನುಮಾನ ಇದ್ದರೆ ಬೇರೆ ಮಾತು. ಆಕ್ರೊಪೊರಾ ಹವಳದ ಮೇಲೆ ಕಚ್ಚಿದಂಥ ಸಣ್ಣ ಗುಂಡು ಗುರುತುಗಳು ಕಂಡರೆ ಚಪ್ಪಟೆ ಹುಳ ಇರಬಹುದು. ಅದರ ಡಿಪ್ ಬೇರೆ. ಡಿಪ್‌ಗೆ ಹುಳ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ಹವಳದ ಬುಡದಲ್ಲಿ ಭೂತಗನ್ನಡಿ ಹಿಡಿದು ಮೊಟ್ಟೆ ಹುಡುಕಿ ಕೆರೆದು ತೆಗೆಯಬೇಕು. ವಾರಕ್ಕೊಮ್ಮೆಯಂತೆ ಕೆಲವು ವಾರ ಮತ್ತೆ ಮಾಡಬೇಕು.

ಓಡಬೇಕಾದ ಇನ್ನೊಂದು ಸಂದರ್ಭ, ಕವಲು ಕವಲಾಗಿ ಬೆಳೆಯುವ ಆಕ್ರೊಪೊರಾದ ಚರ್ಮ ಗಂಟೆಗಳಲ್ಲಿ ಸುಲಿದು ಬರುವುದು. ಸುಲಿಯುವ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಚೆನ್ನಾಗಿರುವ ಕಡೆ ತುದಿಗಳನ್ನು ಕತ್ತರಿಸಿ ಬೇರೆ ಇಡಿ. ನಿಜ ಹೇಳಬೇಕೆಂದರೆ ಬಹಳ ಸಲ ಅವೂ ಉಳಿಯುವುದಿಲ್ಲ. ಆದರೂ ಕತ್ತರಿಸಿ.

ಹೆಜ್ಜೆ 4: ಕತ್ತರಿಸುವುದು, ಅಂಟಿಸುವುದು

ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಇದು ಸುಮ್ನೆ ಹೇಳುವ ಮಾತಲ್ಲ. ಬಟನ್‌ನಂತೆ ಕಾಣುವ ಜೋವಾಂಥಿಡ್, ಪಾಲಿಥೋವಾ ಜಾತಿಯ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಕತ್ತರಿಸುವಾಗ ಚಿಮ್ಮಿದ ರಸ ಕಣ್ಣಿಗೆ, ಗಾಯಕ್ಕೆ ತಾಗಬಾರದು. ಅವು ಅಂಟಿರುವ ಕಲ್ಲನ್ನು ಕುದಿಸಲೇಬಾರದು, ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ. ಮಕ್ಕಳು, ನಾಯಿ ಹತ್ತಿರ ಬರದಿರಲಿ. ಅಡುಗೆಮನೆಯ ಚಾಕು, ಪಾತ್ರೆ ಬಳಸಬೇಡಿ.

ನನ್ನ ಹ್ಯಾಮರ್ ಕವಲೊಡೆಯುವ ಜಾತಿ. ಪ್ರತಿ ತಲೆಗೂ ಬೇರೆ ಕಾಂಡ ಇರುತ್ತದೆ. ಮಾಂಸ ಮುಗಿಯುವ ಜಾಗದಿಂದ ಎರಡು ಮೂರು ಸೆಂಟಿಮೀಟರ್ ಕೆಳಗೆ ಬೋನ್ ಕಟರ್ ಇಟ್ಟು ಒತ್ತಿದರೆ ಟಪ್ ಅಂತ ಮುರಿಯುತ್ತದೆ. ಅದಕ್ಕೆ ಮೊದಲು ಹವಳವನ್ನು ಸ್ವಲ್ಪ ಅಲುಗಿಸಿ, ಮಾಂಸ ಒಳಗೆ ಸೇದಿಕೊಳ್ಳಲಿ. ಗೋಡೆಯಂತೆ ಒಂದೇ ಸಾಲಿನಲ್ಲಿ ಬೆಳೆಯುವ ಹ್ಯಾಮರ್ ಇದ್ದರೆ ಬೋನ್ ಕಟರ್ ಬೇಡ, ಮಾಂಸ ಹರಿಯುತ್ತದೆ. ಅದಕ್ಕೆ ನೀರು ಹಾಯುವ ಸಣ್ಣ ಗರಗಸವೇ ಆಗಬೇಕು. ಅಂಗಡಿಯಲ್ಲೋ ಗೆಳೆಯರ ಹತ್ತಿರವೋ ಇರುತ್ತದೆ.

ತಟ್ಟೆಯಂತೆ, ಉಂಡೆಯಂತೆ ಬೆಳೆಯುವ ಹವಳದಲ್ಲಿ ಮಾಂಸ ಅಂಚಿನಿಂದ ಹಿಂದೆ ಸರಿಯುತ್ತಿದ್ದರೆ, ಸರಿಯುತ್ತಿರುವ ಗೆರೆಯಿಂದ ಒಳಗೆ ಅರ್ಧ ಒಂದು ಸೆಂಟಿಮೀಟರ್ ಚೆನ್ನಾಗಿರುವ ಮಾಂಸವನ್ನೂ ಸೇರಿಸಿ ಕತ್ತರಿಸಿ. ಕೈ ನಡುಗುತ್ತದೆ. ಆದರೆ ಗೆರೆಯ ಮೇಲೇ ಕತ್ತರಿಸಿದರೆ ಕೊಳೆತ ಅಲ್ಲೇ ಉಳಿಯುತ್ತದೆ.

ಕತ್ತರಿಸಿದರೆ ಹವಳ ಸಾಯುತ್ತದೆ ಅನ್ನುವ ಭಯ ಇರುವವರಿಗೆ ಫ್ಲೋರಿಡಾದ ಮೋಟ್ ಮರೀನ್ ಲ್ಯಾಬೊರೇಟರಿಯಲ್ಲಿದ್ದ ಡೇವಿಡ್ ವಾನ್ ಅವರ ಕಥೆ. ಟ್ಯಾಂಕಿನ ತಳಕ್ಕೆ ಅಂಟಿದ್ದ ಎಲ್ಕ್‌ಹಾರ್ನ್ ಹವಳವನ್ನು ಎತ್ತಲು ಹೋಗಿ ಅವರು ಮುರಿದರು. ತಳದಲ್ಲಿ ಉಳಿದ ಚೂರುಗಳು ಹೋದವು ಅಂತ ಬಿಟ್ಟರು. ನೋಡಿದರೆ ಅವೇ ಎಲ್ಲಕ್ಕಿಂತ ಬೇಗ ಬೆಳೆದಿದ್ದವು. ಸಣ್ಣ ಗಾಯ ಮುಚ್ಚಿಕೊಳ್ಳುವ ಅವಸರದಲ್ಲಿ ಹವಳ ಬೇಗ ಹರಡುತ್ತದೆ. ಈಗ ಅದೇ ದಾರಿಯಲ್ಲಿ ದಿಬ್ಬಗಳನ್ನು ಮತ್ತೆ ಕಟ್ಟುತ್ತಿದ್ದಾರೆ.

ಕತ್ತರಿಸಿದ ತುಂಡಿನ ಬುಡ ಒರೆಸಿ, ಸೂಪರ್ ಗ್ಲೂ ಜೆಲ್ ಹಚ್ಚಿ, ಹವಳ ಕೂರಿಸುವ ಸಿರಾಮಿಕ್ ಪ್ಲಗ್ ಮೇಲೆ ಒತ್ತಿ. ಕತ್ತರಿಸಿದ ಅಂಚಿನ ಬರಿಯ ಎಲುಬಿಗೂ ಸ್ವಲ್ಪ ಗ್ಲೂ ಸವರಿದರೆ ಪಾಚಿ ಕೂರುವುದಿಲ್ಲ. ಗ್ಲೂ ಹಾಲಿನಂತೆ ಬೆಳ್ಳಗಾಗುತ್ತದೆ, ಗಾಬರಿ ಬೇಡ.

ಬಿದ್ದು ಗಾಯವಾದ ಹವಳಕ್ಕೆ ಇಷ್ಟೆಲ್ಲ ಬೇಕಾಗಿಲ್ಲ. ಬಸವನಹುಳು, ಏಡಿ ತಳ್ಳಿ ಬೀಳಿಸಿದ್ದರೆ ಎತ್ತಿ ನೇರ ಇಡಿ, ಗಟ್ಟಿಯಾಗಿ ಅಂಟಿಸಿ, ಬಿಡಿ. ಪಕ್ಕದ ಹವಳ ಕುಟುಕಿದ್ದರೆ ದೂರ ಇಡಿ. ಹ್ಯಾಮರ್, ಗ್ಯಾಲಾಕ್ಸಿಯಾ ಜಾತಿಯವು ರಾತ್ರಿ ಉದ್ದನೆಯ ಎಳೆ ಚಾಚುತ್ತವೆ. ಒಂದು ಗೇಣು ಜಾಗವಾದರೂ ಇರಲಿ.

ಹೆಜ್ಜೆ 5: ಮಬ್ಬು ಕೋಣೆ

ಬಾಣಂತಿ ಕೋಣೆ ನೆನಪಿದೆಯಲ್ವಾ? ಮಬ್ಬು ಬೆಳಕು, ಗಾಳಿ ಬಡಿಯದ ಜಾಗ, ಬಂದುಹೋಗುವವರು ಕಡಿಮೆ. ಅದೇ ಇಲ್ಲೂ.

ಪಾಚಿ ಕಳೆದುಕೊಂಡ ಹವಳಕ್ಕೆ ಜೋರು ಬೆಳಕು ಬಿದ್ದರೆ ಬಿಸಿಲಿಗೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಟ್ಯಾಂಕಿನ ತಳದಲ್ಲಿ, ಬಂಡೆಯ ನೆರಳು ಬೀಳುವ ಮೂಲೆಯಲ್ಲಿ ಇಡಿ. ಬೆಳಕು ಅಳೆಯುವ ಪಾರ್ ಮೀಟರ್ ಸಿಕ್ಕರೆ 50ರಿಂದ 70 ಇರುವ ಜಾಗ ನೋಡಿ. ಮೀಟರ್ ಇಲ್ಲದಿದ್ದರೆ, ಆಫೀಸ್ ಸೀಲಿಂಗ್ ಲೈಟಿಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿಯ ತುಂಡನ್ನು ಹವಳದ ಮೇಲೆ ನೆರಳಾಗಿ ನಿಲ್ಲಿಸಿ. ನಾನು ಹಾಗೇ ಮಾಡಿದ್ದು. ಬಣ್ಣ ಮರಳುವ ಗುರುತು ಕಂಡ ಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಬೆಳಕು ಏರಿಸುತ್ತಾ, ನಾಲ್ಕೈದು ವಾರದಲ್ಲಿ ಹಳೆ ಜಾಗಕ್ಕೆ ತನ್ನಿ.

ನೀರಿನ ಹರಿವು ಮುಖಕ್ಕೆ ಹೊಡೆಯಬಾರದು, ನಿಲ್ಲಲೂ ಬಾರದು. ಎಳೆಗಳು ಮೆಲ್ಲಗೆ ತೂಗಬೇಕು. ಒಂದೇ ಕಡೆಗೆ ಬಾಗಿ ನಿಂತಿದ್ದರೆ ಜೋರಾಯಿತು. ಮೇಲೆ ದೂಳು ಕೂತಿದ್ದರೆ ಕಡಿಮೆಯಾಯಿತು.

ಜಾಗ ಇದ್ದವರು ಹತ್ತು ಗ್ಯಾಲನ್‌ನ ಬೇರೆ ಟ್ಯಾಂಕ್ ಇಡಬಹುದು. ಕೊಳೆತ ರೋಗ ಬಂದ ಹವಳಕ್ಕೆ ಅದು ಒಳ್ಳೆಯದು. ಆದರೆ ಸಣ್ಣ ನೀರು ಬೇಗ ಕೆಡುತ್ತದೆ. ದಿನಾ ಅಮೋನಿಯಾ ನೋಡಿ, ದೊಡ್ಡ ಟ್ಯಾಂಕಿನ ನೀರಿನಿಂದ ದಿನಾ ಸ್ವಲ್ಪ ಬದಲಿಸಲು ಆಗದಿದ್ದರೆ ಆ ಸಾಹಸ ಬೇಡ.

ಹೆಜ್ಜೆ 6: ಊಟ

ವಿಡಿಯೋ ಕಾಲಿನಲ್ಲಿ ಅಮ್ಮ ಒಂದು ಸಲ ಕೇಳಿದರು, "ಕಲ್ಲಿಗೆ ಊಟ ಹಾಕ್ತಿದ್ದೀಯೇನೋ?" ಹೌದು. ಬಾಡಿಗೆ ನಿಂತುಹೋದ ಯಜಮಾನನಿಗೆ ಕೈತುತ್ತೇ ಗತಿ.

ಅಕಾನ್, ಹ್ಯಾಮರ್‌ನಂಥ ದೊಡ್ಡ ಬಾಯಿಯ ಹವಳ ತಿನ್ನುತ್ತವೆ. ಸಂಜೆ ಲೈಟ್ ಆರಿ ಅರ್ಧ ಗಂಟೆಯಾದ ಮೇಲೆ ಪಂಪ್ ನಿಲ್ಲಿಸಿ. ಫ್ರೀಜ್ ಆದ ಮೈಸಿಸ್ ಸೀಗಡಿಯನ್ನು ಕರಗಿಸಿ, ಮೊದಲು ಅದರ ನೀರನ್ನಷ್ಟೇ ಒಂದೆರಡು ಹನಿ ಹವಳದ ಹತ್ತಿರ ಬಿಡಿ. ವಾಸನೆ ಸಿಕ್ಕಿ ಐದು ಹತ್ತು ನಿಮಿಷದಲ್ಲಿ ಎಳೆ ಹೊರಗೆ ಬಂದರೆ ಹಸಿವಿದೆ. ಆಗ ಅಕ್ಕಿಕಾಳಿನಷ್ಟು ತುಂಡನ್ನು ಬಾಯಿಯ ಹತ್ತಿರ ಇಡಿ. ತಳ್ಳಬೇಡಿ. ನನ್ನ ಅಕಾನ್ ಒಂದು ತುಂಡು ನುಂಗಲು ಮೊದಲ ಸಲ ಇಪ್ಪತ್ತೈದು ನಿಮಿಷ ತೆಗೆದುಕೊಂಡಿತು. ಕುರ್ಚಿ ಹಾಕಿಕೊಂಡು ಕೂತಿದ್ದೆ.

ಕಳ್ಳರು ಇರುತ್ತಾರೆ. ಕ್ಲೀನರ್ ಸೀಗಡಿ ಬಂದು ಹವಳದ ಬಾಯೊಳಗಿನಿಂದಲೇ ತುತ್ತು ಎಳೆದುಕೊಂಡು ಹೋಗುತ್ತದೆ, ಆ ಎಳೆದಾಟದಲ್ಲಿ ಮಾಂಸವೂ ಹರಿಯುತ್ತದೆ. ಸೋಡಾ ಬಾಟಲಿಯ ಮೇಲಿನ ಅರ್ಧ ಕತ್ತರಿಸಿ ಹವಳದ ಮೇಲೆ ಗೋಪುರದಂತೆ ಮುಚ್ಚಿ, ಬಾಟಲಿಯ ಬಾಯಿಂದ ಪಿಪೆಟ್ ಇಳಿಸಿ ತಿನ್ನಿಸಿ. ಸೀಗಡಿ ಹೊರಗೆ ಸುತ್ತು ಹಾಕುತ್ತಿರಲಿ.

ವಾರಕ್ಕೆ ಎರಡು ಮೂರು ಸಲ ಸಾಕು. ಉಗುಳಿದರೆ ಅವತ್ತಿಗೆ ನಿಲ್ಲಿಸಿ, ಉಳಿದ ತುಂಡು ತೆಗೆದುಬಿಡಿ, ಕೊಳೆತರೆ ಮತ್ತೆ ಅದೇ ಗೋಳು. ಸಣ್ಣ ಪಾಲಿಪಿನ ಆಕ್ರೊಪೊರಾ, ಮಾಂಟಿಪೊರಾಗೆ ಈ ಕೈತುತ್ತು ನಡೆಯಲ್ಲ. ಅವಕ್ಕೆ ಪುಡಿ ಆಹಾರ ಸಿಗುತ್ತದೆ. ಮೀನಿಗೆ ಚೆನ್ನಾಗಿ ಊಟ ಹಾಕಿದರೆ ಅದರಲ್ಲೇ ಇವಕ್ಕೂ ಪಾಲು ಸಿಗುತ್ತದೆ.

ಹೆಜ್ಜೆ 7: ಕಾಯುವುದು

ಪ್ರತಿ ಭಾನುವಾರ ಒಂದೇ ಜಾಗದಿಂದ, ಒಂದೇ ಬಿಳಿ ಬೆಳಕಿನಲ್ಲಿ ಒಂದು ಫೋಟೋ. ನೀಲಿ ಬೆಳಕಿನ ಫೋಟೋ ಎಲ್ಲವನ್ನೂ ಆರೋಗ್ಯವಾಗಿ ತೋರಿಸುತ್ತದೆ, ನಂಬಬೇಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಬದಲಾಯಿಸುವುದಿದ್ದರೆ ವಾರಕ್ಕೆ ಒಂದೇ ವಿಷಯ ಬದಲಾಯಿಸಿ. ಬೆಳಕು, ಜಾಗ, ಊಟ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ಅಕಾನ್‌ಗೆ ಆರನೇ ವಾರ ಬಾಯಿಯ ಸುತ್ತ ಚಹಾದ ಕಲೆಯಂಥ ತೆಳು ಕಂದು ಕಂಡಿತು. ಪಾಚಿ ವಾಪಸ್ ಬಂದಿತ್ತು. ಕೆಂಪು ಬರಲು ನಾಲ್ಕು ತಿಂಗಳು ಹಿಡಿಯಿತು. ಹ್ಯಾಮರ್‌ನ ಮೂರು ತಲೆಯಲ್ಲಿ ಇನ್ನೊಂದು ಎರಡನೇ ವಾರ ಹೋಯಿತು. ಉಳಿದ ಎರಡರಲ್ಲಿ ಒಂದಕ್ಕೆ ಮರುವರ್ಷ ಎರಡು ಬಾಯಿ ಕಾಣಿಸಿತು, ಅಂದರೆ ತಲೆ ಕವಲೊಡೆಯುತ್ತಿದೆ. ಸತ್ತ ಮಾಂಟಿಪೊರಾದ ಬುಡದಲ್ಲಿ ಹೆಬ್ಬೆಟ್ಟಿನಷ್ಟು ಜೀವ ಉಳಿದಿದ್ದದ್ದು ನನಗೆ ತಿಳಿದದ್ದೇ ಮೂರು ತಿಂಗಳ ಮೇಲೆ. ಈಗ ಅದು ತನ್ನದೇ ಹಳೆಯ ಎಲುಬಿನ ಮೇಲೆ ಹತ್ತಿಕೊಂಡು ಬರುತ್ತಿದೆ.

ಹೀಟರ್ ವಿಷಯ. ಒಂದು ದೊಡ್ಡದರ ಬದಲು ಎರಡು ಸಣ್ಣ ಹೀಟರ್ ಹಾಕಿದ್ದೇನೆ, ಒಂದು ಅಂಟಿಕೊಂಡರೂ ಟ್ಯಾಂಕ್ ಅಷ್ಟು ಬೇಗ ಕಾಯುವುದಿಲ್ಲ. ಎರಡೂ ಬೇರೆ ಕಂಟ್ರೋಲರಿನ ಮೂಲಕ. 26.5 ದಾಟಿದರೆ ಕರೆಂಟ್ ಕಟ್, ಫೋನಿಗೆ ಅಲಾರಂ. ಹೋದ ತಿಂಗಳು ಸಂಘದ ನಾಟಕದ ರಿಹರ್ಸಲ್ ಮಧ್ಯೆ ಅದು ಬಡಿದುಕೊಂಡಿತು. 26.6. ಮಧ್ಯಾಹ್ನದ ಸೆಕೆ ಅಷ್ಟೆ ಅಂತ ಗೊತ್ತಿತ್ತು. ಆದರೂ ಕಾರು ಹತ್ತಿದೆ.